ರಜೆ ಮಕ್ಕಳಿಗೆ ಮಾತ್ರ: ಶಿರಸಿಯ ಒಂದು ಮನೆಯ ಪ್ರಕರಣ ಅಧ್ಯಯನ

ಶಿರಸಿಯಲ್ಲಿ ಮಳೆ ಹಿಡಿದ ಮೇಲೆ ಎಳೆಯ ಮಕ್ಕಳಿರುವ ಮನೆಗಳ ಬೆಳಗು ಆರಂಭವಾಗುವುದು ಜಿಲ್ಲಾಧಿಕಾರಿಗಳ ಆದೇಶದಿಂದ. ಅಂಗನವಾಡಿಗಳಿಗೂ ಶಾಲೆಗಳಿಗೂ ರಜೆ ಘೋಷಿಸುವ ಆ ಒಂದು ಪುಟ ಕೆಲವೊಮ್ಮೆ ರಾತ್ರಿ ಹತ್ತಕ್ಕೆ, ಕೆಲವೊಮ್ಮೆ ಬೆಳಗಿನ ಆರೂವರೆಗೆ ಮೊಬೈಲಿಗೆ ಬಂದು ಬೀಳುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 12 ತಾಲ್ಲೂಕುಗಳಿವೆ. ಕರಾವಳಿಯ ಐದಕ್ಕೆ ಮಾತ್ರ ರಜೆ ಕೊಟ್ಟ ದಿನಗಳೂ ಉಂಟು, ಘಟ್ಟದ ಮೇಲಿನ ಕೆಲವನ್ನು ಸೇರಿಸಿದ ದಿನಗಳೂ ಉಂಟು. ಆದ್ದರಿಂದ ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಹೆಸರಿದೆಯೇ ಎಂದು ಕಣ್ಣಾಡಿಸಲೇಬೇಕು. ನಾನು ಇಲ್ಲಿ ವಿವರಿಸುವ ಮನೆಯ ಆರು ವರ್ಷದ ಹುಡುಗಿ ಯಾರ ಸಹಾಯವೂ ಇಲ್ಲದೆ ಮೊದಲು ಓದಿದ್ದು ಪಠ್ಯಪುಸ್ತಕವನ್ನಲ್ಲ, ಈ ಆದೇಶವನ್ನು. ಅಂಕೋಲಾ, ಕುಮಟಾ, ಹೊನ್ನಾವರಗಳ ಮೇಲೆ ಬೆರಳು ಜಾರಿಸಿಕೊಂಡು ಹೋಗಿ "ಶಿ, ರ, ಸಿ" ಎಂಬ ಮೂರು ಅಕ್ಷರ ಸಿಕ್ಕಿದೊಡನೆ ಅವಳು ಹಾಸಿಗೆಯ ಮೇಲೆ ಎದ್ದು ನಿಂತು ಕುಣಿಯುತ್ತಾಳೆ. ಅದೇ ಮೂರು ಅಕ್ಷರ ಕಂಡು ಅವಳ ತಾಯಿ ಹಾಸಿಗೆಯ ಅಂಚಿನಲ್ಲಿ ಕುಳಿತುಬಿಡುತ್ತಾಳೆ, ಏಕೆಂದರೆ ಆ ಪುಟದಲ್ಲಿ ಬ್ಯಾಂಕುಗಳಿಗೆ ರಜೆ ಇರುವುದಿಲ್ಲ.

ನಾನು ಸಮಾಜಕಾರ್ಯ ವಿಷಯವನ್ನು ಕಲಿಸಿ ನಿವೃತ್ತಳಾದವಳು. ಈ ಕುಟುಂಬ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗೆ ಇದೆ. ಕಳೆದ ಮಳೆಗಾಲದ ನಾಲ್ಕು ತಿಂಗಳು ನಾನು ಕಂಡದ್ದನ್ನೂ, ತಾಯಿ ಆಗಾಗ ಮೇಲೆ ಬಂದು ಹೇಳಿದ್ದನ್ನೂ ಆಕೆಯ ಒಪ್ಪಿಗೆಯಿಂದ ಇಲ್ಲಿ ದಾಖಲಿಸುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಹಿರಿಯ ಮಗಳನ್ನು ಪುಟ್ಟಿ ಎಂದೂ ಎರಡೂವರೆ ವರ್ಷದ ಮಗನನ್ನು ಮಾಣಿ ಎಂದೂ ಕರೆಯುತ್ತೇನೆ. ವಠಾರದಲ್ಲಿ ಎಲ್ಲರೂ ಹಾಗೆಯೇ ಕರೆಯುವುದು. ಇದರಲ್ಲಿ ನಗು ತರಿಸುವ ಸಂಗತಿಗಳು ಬಹಳ ಬರುತ್ತವೆ. ಅವನ್ನು ಓದುಗರ ರಂಜನೆಗಾಗಿ ಸೇರಿಸಿದ್ದಲ್ಲ. ಅವೇ ಈ ಪ್ರಕರಣದ ಮುಖ್ಯ ಸಾಕ್ಷ್ಯ.

ಕುಟುಂಬದ ಹಿನ್ನೆಲೆ

ತಾಯಿಗೆ ಮೂವತ್ತೈದರ ಆಸುಪಾಸು. ಪಟ್ಟಣದ ಒಂದು ಬ್ಯಾಂಕ್ ಶಾಖೆಯಲ್ಲಿ ಕೃಷಿ ಸಾಲ ನೋಡಿಕೊಳ್ಳುವ ಅಧಿಕಾರಿ. ಅಡಿಕೆ ತೋಟಗಳ ಈ ಸೀಮೆಯಲ್ಲಿ ಆ ಕುರ್ಚಿಗೆ ಜೂನ್, ಜುಲೈಗಳೇ ಅತಿ ಬಿಡುವಿಲ್ಲದ ತಿಂಗಳುಗಳು. ಬೆಳೆಸಾಲದ ನವೀಕರಣವೂ, ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ತುಂಬಿಸಿಕೊಳ್ಳುವ ಕೆಲಸವೂ ಅದೇ ಹೊತ್ತಿಗೆ ಬರುತ್ತವೆ. ವಿಮಾ ಮೊತ್ತದ ಶೇಕಡಾ 5ರಷ್ಟನ್ನು ರೈತ ಕಟ್ಟಬೇಕು, ಕಂತಿನ ಉಳಿದ ಭಾಗವನ್ನು ಸರ್ಕಾರಗಳು ಭರಿಸುತ್ತವೆ. ಗ್ರಾಮ ಪಂಚಾಯಿತಿಯ ಮಳೆಮಾಪಕ ತೋರಿಸುವ ಅಂಕಿಯ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಕೊನೆಯ ದಿನ ತಪ್ಪಿದರೆ ಆ ವರ್ಷದ ಮಟ್ಟಿಗೆ ರೈತನ ಕೈ ಖಾಲಿ. ಆದ್ದರಿಂದ ಆ ದಿನಗಳಲ್ಲಿ ರಜೆ ಕೇಳುವುದು ಆಕೆಗೆ ಮನಸ್ಸಿಗೆ ಒಪ್ಪುವ ಮಾತಲ್ಲ. ಮೇಲಧಿಕಾರಿಯ ಹೆದರಿಕೆ ಇದಕ್ಕೆ ಕಾರಣವಲ್ಲ. ಆಕೆಯ ತವರೂ ಅಡಿಕೆ ತೋಟದ ಮನೆ, ಅಡಿಕೆಗೆ ಕೊಳೆರೋಗ ಬಂದ ವರ್ಷ ಅಂಗಳ ಹೇಗಿರುತ್ತದೆ ಎಂಬುದನ್ನು ಆಕೆ ಚಿಕ್ಕವಳಿದ್ದಾಗಲೇ ಕಂಡಿದ್ದಾಳೆ.

ಗಂಡ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸದವನು. ಕಾಳಿ ನದಿಯ ದಂಡೆಯ ಆ ಸ್ಥಾವರಕ್ಕೆ ಇಲ್ಲಿಂದ ನಿತ್ಯ ಓಡಾಡುವುದು ಆಗದ ಮಾತಾದ್ದರಿಂದ ಅಲ್ಲಿಯೇ ಉಳಿದುಕೊಂಡು, ವಾರದ ರಜೆ ಸಿಕ್ಕಾಗ ಯಲ್ಲಾಪುರದ ಮೇಲೆ ಹಾದು ಮನೆಗೆ ಬರುತ್ತಾನೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಮೇಲೆ ಮಣ್ಣು ಕುಸಿದರೆ ಆ ಬರುವಿಕೆಯೂ ಮುಂದೆ ಹೋಗುತ್ತದೆ. ಮಾಣಿಯನ್ನು ನೋಡಿಕೊಳ್ಳಲು ಹಗಲು ಒಬ್ಬಾಕೆ ಬರುತ್ತಾಳೆ. ಅವಳ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಹಳ್ಳ ಉಕ್ಕಿದ ದಿನ ಅವಳು ಆಚೆ ದಡದಿಂದ ದೂರವಾಣಿ ಮಾಡಿ, ನೀರಿನ ಸದ್ದನ್ನು ಕೇಳಿಸಿ, ಬರಲಾಗದು ಎನ್ನುತ್ತಾಳೆ.

ಈ ಮನೆಯ ಕಷ್ಟ ಕೇಳಿದವರೆಲ್ಲ ಕೊಡುವ ಉತ್ತರವೊಂದೇ: "ಊರಲ್ಲಿ ಅಜ್ಜಿ ಇದ್ದಾರಲ್ಲ, ಕರೆಸಿಕೊಂಡರೆ ಆಯಿತು." ಅಜ್ಜಿ ಇರುವುದು ನಿಜ. ಆದರೆ ಶಾಲೆಗೆ ರಜೆ ಬೀಳುವ ಮಳೆಯ ನಡುವೆ ಅಷ್ಟಿಷ್ಟು ಹೊಳವಾದ ದಿನಗಳೇ ಕೊಳೆರೋಗ ತಡೆಯಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನಗಳೂ ಹೌದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಕಲಸಿ, ಕೊನೆಗೌಡರು ಮರವೇರಿ ಗೊನೆಗಳಿಗೆ ಹೊಡೆಯುವಾಗ ಅಷ್ಟೂ ಜನರಿಗೆ ಬಾಯಾರಿಕೆಯ ಆಸರಿ, ಊಟ ನೋಡಿಕೊಳ್ಳುವವಳು ಈ ಅಜ್ಜಿಯೇ. ಅಂದರೆ ಆಕೆಯೂ ಉದ್ಯೋಗಸ್ಥೆ. ಇಡೀ ಊರು ಆಕೆಯನ್ನು ಬಿಡುವಾಗಿರುವವಳೆಂದು ಎಣಿಸಿಕೊಂಡಿತ್ತು, ಮೊದಮೊದಲು ನಾನೂ ಹಾಗೆಯೇ ಎಣಿಸಿದ್ದೆ.

ಮೂರು ಘಟನೆಗಳು

ಮೊದಲನೆಯದು ಜೂನ್ ತಿಂಗಳ ಒಂದು ರಾತ್ರಿ ನಡೆದದ್ದು. ವಲಯ ಕಚೇರಿಯ ಪರಿಶೀಲನಾ ಸಭೆ ವಿಡಿಯೊ ಮೂಲಕ ಎಂಟು ಗಂಟೆಗೆ ನಿಗದಿಯಾಗಿತ್ತು. ಎಂಟು ಗಂಟೆ ಎಂದರೆ ಮಾಣಿಗೆ ಊಟ ಮುಗಿದು, ಅವನು ಬಚ್ಚಲಮನೆಯ ಮೂಲೆಯಲ್ಲಿ ತನ್ನ ಹಳದಿ ಕುಂಡದ ಮೇಲೆ ಕುಳಿತುಕೊಳ್ಳುವ ಹೊತ್ತು. ಅದು ಹೊಸದಾಗಿ ಕಲಿತ ವಿದ್ಯೆಯಾದ್ದರಿಂದ ಅವನು ಆ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡುತ್ತಿದ್ದ. ಸಭೆಯಲ್ಲಿ ಒಂದೊಂದೇ ಶಾಖೆಯನ್ನು ಹೆಸರಿಸಿ, ನವೀಕರಣದ ಗುರಿ ಮುಗಿಯಿತೇ ಎಂದು ಮೇಲಧಿಕಾರಿ ಕೇಳುತ್ತಾ ಬಂದರು. ಒಬ್ಬರೂ ಹೌದು ಎನ್ನಲಿಲ್ಲ. ಶಿರಸಿಯ ಸರದಿ ಬಂದು, ತಾಯಿ ಧ್ವನಿಯ ಗುಂಡಿಯನ್ನು ತೆರೆದ ಕ್ಷಣದಲ್ಲಿಯೇ ಬಚ್ಚಲಮನೆಯಿಂದ ಹೆಂಚು ಹಾರುವಂತೆ ಕೂಗು ಬಂತು: "ಅಮ್ಮಾ, ಆತೂ!" ಎಳೆಯ ಮಕ್ಕಳಿರುವ ಮನೆಯವರಿಗೆ ಈ ಕೂಗಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಯ ಮೇಲಿನ ಇಪ್ಪತ್ತು ಮುಖಗಳು ಒಂದು ಗಳಿಗೆ ಸ್ತಬ್ಧವಾದವು. ಆಮೇಲೆ ಮೇಲಧಿಕಾರಿ, "ಒಬ್ಬರದ್ದಾದರೂ ಆಯಿತಲ್ಲ, ಸಂತೋಷ" ಎಂದರಂತೆ. ಸಭೆಯ ಉಳಿದ ಭಾಗ ನಗುವಿನಲ್ಲಿಯೇ ಮುಗಿಯಿತು, ಮತ್ತು ಅಂದಿನಿಂದ ಆ ವಲಯದಲ್ಲಿ ಗುರಿ ಮುಗಿಸಿದವರು "ಆತು" ಎಂದೇ ವರದಿ ಮಾಡುವುದು ರೂಢಿಯಾಗಿದೆ. ತಾಯಿ ಇದನ್ನು ನನಗೆ ಹೇಳುವಾಗ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಪಕ್ಕೆ ಹಿಡಿದುಕೊಂಡು ನಕ್ಕೆವು.

ಎರಡನೆಯದಕ್ಕೆ ನಾನೇ ಪ್ರತ್ಯಕ್ಷ ಸಾಕ್ಷಿ. ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇರುವುದನ್ನು ಪುಟ್ಟಿ ಮನೆಯಲ್ಲಿ ತಿಳಿಸಿದ್ದು ಹಿಂದಿನ ರಾತ್ರಿ ಒಂಬತ್ತೂವರೆಗೆ, ಅದೂ ನಿದ್ದೆಗೆ ಜಾರುವ ಮುನ್ನ ನೆನಪಾಗಿ. ಅವಳು ಒನಕೆ ಓಬವ್ವ ಆಗಬೇಕಿತ್ತು. ಚಿತ್ರದುರ್ಗದ ಆ ವೀರವನಿತೆಗೆ ಬೇಕಾದ ಕಚ್ಚೆ ಸೀರೆ, ಕುಂಕುಮ, ಸೊಂಟದ ಪಟ್ಟಿಗಳೆಲ್ಲ ಹೇಗೋ ಒದಗಿದವು. ಒನಕೆ ಮಾತ್ರ ಒದಗಲಿಲ್ಲ. ಮಿಕ್ಸರ್ ಬಂದ ಮೇಲೆ ಪಟ್ಟಣದ ಯಾವ ಮನೆಯಲ್ಲಿ ಒನಕೆ ಇದೆ? ರಾತ್ರಿ ಹನ್ನೊಂದಕ್ಕೆ ತಾಯಿ ಒಂದು ಮಡಚುವ ಕೊಡೆಯ ಸುತ್ತ ಕಂದು ಬಣ್ಣದ ಹಾಳೆ ಸುತ್ತಿ, ಎರಡು ತುದಿಗಳಿಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿ, ನೋಡಿದವರು ಮುಟ್ಟಿ ಪರೀಕ್ಷಿಸಬೇಕೆನಿಸುವಂಥ ಒನಕೆಯನ್ನು ಸಿದ್ಧಪಡಿಸಿದಳು. ಆ ಕೊಡೆ ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಜಾತಿಯದು ಎಂಬುದು ಆ ಹೊತ್ತಿನಲ್ಲಿ ಆಕೆಯ ಗಮನಕ್ಕೆ ಬರಲಿಲ್ಲ.

ಮರುದಿನ ಆಕೆಗೆ ತೋಟದ ಸ್ಥಳ ಪರಿಶೀಲನೆ ಇದ್ದುದರಿಂದ ಶಾಲೆಗೆ ನಾನು ಹೋದೆ. ಪುಟ್ಟಿ ಕಿಂಡಿಯ ಬಳಿ ಹೊಂಚು ಹಾಕಿ ನಿಂತಂತೆ ನಿಂತಳು, ಕಣ್ಣು ಕೆಕ್ಕರಿಸಿದಳು, ಎರಡೂ ಕೈಗಳಿಂದ ಒನಕೆಯನ್ನು ತಲೆಯ ಮೇಲಕ್ಕೆತ್ತಿದಳು. ಆಗ ಹಾಳೆ ಪರ್ರನೆ ಹರಿದು, ಹಿಡಿಕೆ ಉದ್ದವಾಗಿ, ಗುಲಾಬಿ ಹೂಗಳ ಕೊಡೆಯೊಂದು ಓಬವ್ವನ ತಲೆಯ ಮೇಲೆ ಅರಳಿಕೊಂಡಿತು. ಸಭಾಂಗಣವೆಲ್ಲ ಹೋ ಎಂದು ನಕ್ಕಿತು. ನನಗೆ ಎದೆ ಧಸಕ್ಕೆಂದಿತು, ಮಗು ಅತ್ತುಬಿಟ್ಟರೆ ಏನು ಮಾಡುವುದೆಂದು ಎದ್ದು ನಿಂತೆ. ಅವಳು ಅಳಲಿಲ್ಲ. ಒಮ್ಮೆ ಮೇಲೆ ನೋಡಿದಳು, ಮಾಡಿನ ತಗಡಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದನ್ನು ಕೇಳಿಸಿಕೊಂಡಳು, ಆಮೇಲೆ ಧ್ವನಿವರ್ಧಕದ ಹತ್ತಿರ ಬಂದು ಗಂಭೀರವಾಗಿ, "ಕೋಟೆಲಿ ಮಳೆ ಬತ್ತಾ ಇದ್ದು" ಎಂದು ಹೇಳಿ ನಮಸ್ಕರಿಸಿದಳು. ಅವಳಿಗೆ ಸಮಾಧಾನಕರ ಬಹುಮಾನ ಬಂತು. ಆ ಬಹುಮಾನದ ಉಕ್ಕಿನ ಬಟ್ಟಲಲ್ಲಿ ಈಗ ಮಾಣಿ ಗಂಜಿ ಉಣ್ಣುತ್ತಾನೆ.

ಮೂರನೆಯ ಘಟನೆ ಈ ಪ್ರಕರಣದ ತಿರುವು. ಪುನರ್ವಸು ಮಳೆ ಹೊಯ್ಯುತ್ತಿತ್ತು. ಬೆಳೆ ವಿಮೆಯ ಕಂತು ತುಂಬಲು ಅದೇ ಕೊನೆಯ ದಿನ, ಮತ್ತು ಬೆಳಿಗ್ಗೆ ಆರೂ ನಲವತ್ತಕ್ಕೆ ರಜೆಯ ಆದೇಶ ಬಂತು. ಹಳ್ಳ ಉಕ್ಕಿತ್ತು, ಅಜ್ಜಿಯ ಊರಿನ ಬಸ್ಸು ಬಂದಿರಲಿಲ್ಲ, ಗಂಡ ಬೆಳಗಿನ ಪಾಳಿಯಲ್ಲಿದ್ದ, ನಾನು ಹುಬ್ಬಳ್ಳಿಯಲ್ಲಿದ್ದೆ. ಬೇರೆ ದಾರಿ ಇಲ್ಲದೆ ತಾಯಿ ಎರಡೂ ಮಕ್ಕಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋದಳು. ಅಲ್ಲಿ ನಡೆದದ್ದನ್ನು ನಾನು ಆಕೆಯಿಂದಲೂ, ಆಕೆಯ ಇಬ್ಬರು ಸಹೋದ್ಯೋಗಿಗಳಿಂದಲೂ, ಅಂದು ಸಾಲಿನಲ್ಲಿ ನಿಂತಿದ್ದ ನಮ್ಮ ಪರಿಚಯದ ಒಬ್ಬ ಕೃಷಿಕರಿಂದಲೂ ಬೇರೆಬೇರೆಯಾಗಿ ಕೇಳಿ ತಿಳಿದಿದ್ದೇನೆ.

ಬಾಗಿಲು ತೆರೆಯುವಾಗಲೇ ಐವತ್ತಕ್ಕೂ ಹೆಚ್ಚು ಜನ ಕಾದಿದ್ದರು. ನೆಲದ ಮೇಲೆಲ್ಲ ನೀರು, ಗೋಡೆಯುದ್ದಕ್ಕೂ ಒರಗಿಸಿದ ಕೊಡೆಗಳು, ಹಿರಿಯರೊಬ್ಬರ ಹೆಗಲಿನಿಂದ ಇಳಿಯುತ್ತಿದ್ದ ಒದ್ದೆ ಕಂಬಳಿಯ ವಾಸನೆ. ಪುಟ್ಟಿಗೆ ತಾಯಿ ಚೀಟಿಯ ಸಂಖ್ಯೆಗಳನ್ನು ಕೂಗುವ ಕೆಲಸ ಕೊಟ್ಟಳು. ಅವಳಿಗೆ ನೂರರವರೆಗೆ ಎಣಿಕೆ ಬರುತ್ತಿತ್ತಾದ್ದರಿಂದ ಆ ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ಸಲ ಮಾತ್ರ ತನಗೆ ಇಷ್ಟವಾದ ಇಪ್ಪತ್ತೇಳನ್ನು ಎರಡು ಸಲ ಕೂಗಿದಳು. ಮಾಣಿಯನ್ನು ಮೇಜಿನ ಕೆಳಗೆ ಚಾಪೆ ಹಾಸಿ ಕೂರಿಸಿ, ಬಿಸ್ಕತ್ತಿನ ಪೊಟ್ಟಣವನ್ನು ಕೈಗೆ ಕೊಟ್ಟಿದ್ದಾಯಿತು. ಬಿಸ್ಕತ್ತು ಮುಗಿದ ಮೇಲೆ ಅವನ ಕೈಗೆ ಸಿಕ್ಕಿದ್ದು ನೀಲಿ ಠಸ್ಸೆ ಪ್ಯಾಡು ಮತ್ತು "ಸ್ವೀಕರಿಸಲಾಗಿದೆ" ಎಂಬ ಮುದ್ರೆ.

ಅವನು ಮೊದಲು ಚಾಪೆಯನ್ನು ಸ್ವೀಕರಿಸಿದ. ಆಮೇಲೆ ತನ್ನ ಎರಡೂ ಮೊಣಕಾಲುಗಳನ್ನು, ಅಂಗಿ ಎತ್ತಿ ಹೊಟ್ಟೆಯನ್ನು, ಮೇಜಿನ ಅಡಿಯನ್ನು. ತಾಯಿ ಗಣಕಯಂತ್ರದ ಪರದೆಯ ಮೇಲೆ ತಿರುಗುತ್ತಲೇ ಇದ್ದ ಚಕ್ರವನ್ನು ನೋಡುತ್ತಾ, ಹೆಬ್ಬೆರಳಿನ ಗುರುತು ಕೊಡಲು ಮುಂದೆ ಕುಳಿತಿದ್ದ ಎಪ್ಪತ್ತರ ಹಿರಿಯರೊಬ್ಬರೊಡನೆ ಮಾತನಾಡುತ್ತಿದ್ದಳು. ಮೇಜಿನ ಕೆಳಗಿನಿಂದ ಸಣ್ಣ ಕೈಯೊಂದು ಹೊರಬಂದು, ತೊಡೆಯ ಮೇಲಿದ್ದ ಆ ಹಿರಿಯರ ಅಂಗೈಯನ್ನು ಮೆಲ್ಲಗೆ ಬಿಡಿಸಿ, ಅದರ ಮೇಲೆ ಮುದ್ರೆಯನ್ನು ಒತ್ತಿ ಹಿಡಿದು ಹಿಂದಕ್ಕೆ ಹೋಯಿತು. ಅವರು ಬೆಚ್ಚಿ ಅಂಗೈಯನ್ನು ಮುಖದ ಹತ್ತಿರ ತಂದು, ಕನ್ನಡಕ ಏರಿಸಿ, ನಿಧಾನವಾಗಿ ಅಕ್ಷರ ಕೂಡಿಸಿ ಓದಿದರು. "ನಿನ್ನ ಮಾಣಿ ಠಸ್ಸೆ ಹೊಡದು ಆತು ತಂಗಿ, ಇನ್ನು ನಿನ್ನ ಸಹಿ ಒಂದೇ ಬಾಕಿ," ಎಂದರು. ಸಾಲಿನ ತುದಿಯವರೆಗೂ ನಗು ಹರಿಯಿತು. ಬೆಳಗಿನಿಂದ ಸಿಡಿಮಿಡಿಗೊಂಡಿದ್ದ ಜನ ಹಗುರಾದರು. ಆಮೇಲೆ ಆ ಹಿರಿಯರು ತಮ್ಮ ಕೆಲಸ ಮುಗಿದರೂ ಹೋಗದೆ, ಮಾಣಿಯನ್ನು ಕಂಬಳಿಯೊಳಗೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಎರಡು ಗಂಟೆ ಹೊತ್ತು ಕುಳಿತರು. ಸಂಜೆಯ ಹೊತ್ತಿಗೆ ಸರದಿಯಲ್ಲಿದ್ದ ಒಬ್ಬರ ಅರ್ಜಿಯೂ ಉಳಿಯಲಿಲ್ಲ.

ನಗುವಿನ ನಂತರ

ಈ ಮೂರೂ ಕಥೆಗಳು ಶಿರಸಿಯಲ್ಲಿ ಬಹಳ ಬೇಗ ಹರಡಿದವು. ತರಕಾರಿ ಅಂಗಡಿಯಲ್ಲಿ ಕೂಡ ತಾಯಿಯನ್ನು ನಿಲ್ಲಿಸಿ ಕೇಳುತ್ತಿದ್ದರು, ಆಕೆಯೂ ಅಭಿನಯಿಸಿ ಹೇಳುತ್ತಿದ್ದಳು. ಒಂದು ಸಂಜೆ ಆಕೆ ನನ್ನೊಡನೆ ಹೇಳಿದ ಮಾತು ಈ ಅಧ್ಯಯನಕ್ಕೆ ಕಾರಣವಾಯಿತು: "ಎಲ್ಲರೂ ನಗುತ್ತಾರೆ, ನನಗೂ ಖುಷಿಯೇ. ಆದರೆ ಅವತ್ತು ಮಕ್ಕಳು ಬ್ಯಾಂಕಿಗೆ ಯಾಕೆ ಬರಬೇಕಾಯಿತು ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಲಿಲ್ಲ."

ಅಂದಿನಿಂದ ನಾನು ಆ ಮೂರನ್ನೂ ಇನ್ನೊಂದು ಬಗೆಯಲ್ಲಿ ನೋಡತೊಡಗಿದೆ. ಸಭೆ ರಾತ್ರಿ ಎಂಟಕ್ಕೆ ನಿಗದಿಯಾಗಿತ್ತು, ಅದು ಎಳೆಯ ಮಕ್ಕಳ ಮನೆಗಳಲ್ಲಿ ಅತಿ ಹೆಚ್ಚು ಕೆಲಸವಿರುವ ತಾಸು. ಒನಕೆಯನ್ನು ಒಬ್ಬಳೇ ರಾತ್ರಿ ಹನ್ನೊಂದಕ್ಕೆ ಮಾಡಬೇಕಾಯಿತು, ಜೊತೆಗೆ ಇನ್ನೊಬ್ಬರಿದ್ದಿದ್ದರೆ ಗುಂಡಿ ಕಾಣುತ್ತಿತ್ತು. ರಜೆಯ ದಿನ ಮಾಣಿಗೆ ಇರಲು ಈ ಊರಿನಲ್ಲಿ ಒಂದು ಜಾಗವಿರಲಿಲ್ಲ. ಎಲ್ಲಿ ಮನೆಯ ವೇಳಾಪಟ್ಟಿ ಕಚೇರಿಯ ವೇಳಾಪಟ್ಟಿಗೆ ಡಿಕ್ಕಿ ಹೊಡೆಯುತ್ತದೆಯೋ ಅಲ್ಲಿಯೇ ನಗುವೂ ಹುಟ್ಟಿತ್ತು, ಮತ್ತು ಪ್ರತಿ ಸಲವೂ ಡಿಕ್ಕಿಯ ನಡುವೆ ನಿಂತವಳು ಒಬ್ಬಳೇ ಆಗಿದ್ದಳು.

ಮಾಣಿಯ ವಯಸ್ಸನ್ನೂ ಇಲ್ಲಿ ಗಮನಿಸಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಅದು ದೊಡ್ಡ ಹೆಜ್ಜೆ, ಈ ತಾಯಿಗೂ ದೊರೆಯಿತು. ಆದರೆ 26 ವಾರ ಮುಗಿಯುವಾಗ ಕೂಸಿಗೆ ಆರು ತಿಂಗಳು. ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಯಾರ ಲೆಕ್ಕಕ್ಕೂ ಸೇರಿಲ್ಲ. ಅದೇ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು. ನಮ್ಮಂಥ ಪಟ್ಟಣದಲ್ಲಿ ಐವತ್ತು ಜನ ಒಂದೇ ಮಾಡಿನ ಕೆಳಗೆ ದುಡಿಯುವ ಕಡೆಗಳು ಎಷ್ಟಿವೆ? ಈಕೆಯ ಶಾಖೆಯಲ್ಲಿ ಎಲ್ಲರನ್ನೂ ಸೇರಿಸಿ ಎಣಿಸಿದರೂ ಹದಿನೈದು ದಾಟುವುದಿಲ್ಲ. ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಘೋಷಿಸಿದ್ದು ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹಳ್ಳಿಯ ತಾಯಂದಿರಿಗಾಗಿ. ಅದು ಅತ್ಯಂತ ಸರಿಯಾದ ಆಲೋಚನೆ ಎಂದು ನಾನು ನಂಬುತ್ತೇನೆ, ಪಟ್ಟಣದ ಬ್ಯಾಂಕಿನ ತಾಯಿಗೂ ಬಟ್ಟೆ ಅಂಗಡಿಯ ತಾಯಿಗೂ ಅದೇ ಮಾದರಿ ಬೇಕು ಎಂದೂ ನಂಬುತ್ತೇನೆ. ತಂದೆಯ ಮಾತು ಆ ಕಾಯ್ದೆಯಲ್ಲಿ ಬರಲೇ ಇಲ್ಲ.

ಪುಟ್ಟಿಯ ಚಿತ್ರ, ತಂದೆಯ ಪಾಳಿಪುಸ್ತಕ

ತಂದೆಯನ್ನು ಈ ಪ್ರಕರಣದೊಳಕ್ಕೆ ತಂದದ್ದು ಪುಟ್ಟಿ. ಠಸ್ಸೆಯ ಘಟನೆಯಾದ ವಾರ ಶಾಲೆಯಲ್ಲಿ "ನನ್ನ ಕುಟುಂಬ" ಎಂಬ ಚಿತ್ರ ಬರೆಯಲು ಹೇಳಿದ್ದರು. ಅವಳು ಅಮ್ಮನನ್ನೂ ಮಾಣಿಯನ್ನೂ ಅಜ್ಜಿಯನ್ನೂ ಬರೆದಳು. ಮೆಟ್ಟಿಲ ಮೇಲೆ ನನ್ನನ್ನೂ ಬರೆದಿದ್ದಳು. ಅಪ್ಪನನ್ನು ಮಾತ್ರ ಒಂದು ಸಣ್ಣ ಚೌಕದೊಳಗೆ ತಲೆಯಷ್ಟೇ ಕಾಣುವಂತೆ ಬರೆದು, ಚೌಕದ ಮೂಲೆಯಲ್ಲಿ ಬ್ಯಾಟರಿಯ ಗುರುತನ್ನೂ ಹಾಕಿ, ಅದನ್ನು ಅಮ್ಮನ ಕೈಯಲ್ಲಿ ಇಟ್ಟಿದ್ದಳು. ಶಿಕ್ಷಕಿ ನಕ್ಕರು, ನಾವೂ ನಕ್ಕೆವು. ವಾರದ ರಜೆಗೆ ಬಂದ ತಂದೆಯೂ ಗೋಡೆಯ ಮೇಲಿನ ಚಿತ್ರ ನೋಡಿ ನಕ್ಕ, ಆಮೇಲೆ ಚಿತ್ರದ ಹತ್ತಿರ ಹೋಗಿ ಬ್ಯಾಟರಿಯನ್ನು ನೋಡಿದ. ಅದರಲ್ಲಿ ಒಂದೇ ಗೆರೆ ಉಳಿದಿತ್ತು.

ಆ ರಾತ್ರಿಯ ಮಾತುಕತೆಗೆ ಅವರು ನನ್ನನ್ನೂ ಕರೆದರು. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿದ್ದನ್ನು ನಮ್ಮ ಜಿಲ್ಲೆಯವರೆಲ್ಲ ಬಲ್ಲೆವು. ಆ ಬಗೆಯ ಸ್ಥಾವರವನ್ನು ನಿಲ್ಲಿಸದೆಯೇ, ಅದು ನಡೆಯುತ್ತಿರುವಾಗಲೇ ಇಂಧನ ತುಂಬಬಹುದು. ತಾಯಿ ಅದನ್ನೇ ಹಿಡಿದು, "ನಾನೂ ಹಾಗೆಯೇ, ಮಾಣಿಗೆ ಉಣಿಸುತ್ತಾ ಒಲೆಯ ಮುಂದೆ ನಿಂತೇ ಉಂಡು ಮುಗಿಸುತ್ತೇನೆ. ಮಾಣಿ ಹುಟ್ಟಿದಂದಿನಿಂದ ಎಣಿಸಿದರೆ ನಿಮ್ಮ ದಾಖಲೆಯ ಹತ್ತಿರ ಬಂದಿದ್ದೇನೆ," ಎಂದಳು. ಗಂಡ ತಕ್ಷಣ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವನು ಹೇಳಿದ ಮಾತನ್ನು ಇದ್ದಂತೆಯೇ ಬರೆದುಕೊಂಡಿದ್ದೇನೆ: "ಘಟಕ ನಡೆದದ್ದು 962 ದಿನ. ಆದರೆ ಅದರ ಮುಂದೆ 962 ದಿನ ಯಾರೂ ಒಬ್ಬರೇ ಕುಳಿತಿರಲಿಲ್ಲ. ಪ್ರತಿ ಪಾಳಿಗೂ ನಿದ್ದೆ ಮಾಡಿ ಎದ್ದ ಹೊಸ ಜನ ಬರುತ್ತಿದ್ದರು. ಬಂದವರಿಗೆ ಹಿಂದಿನವರು ಎಲ್ಲವನ್ನೂ ಬರೆದು ಒಪ್ಪಿಸಿಯೇ ಎದ್ದು ಹೋಗುತ್ತಿದ್ದರು."

ಮುಂದಿನ ವಾರ ಅವನು ತನ್ನ ಗಳಿಕೆ ರಜೆಯಲ್ಲಿ ಹತ್ತು ದಿನ ತೆಗೆದುಕೊಂಡು ಬಂದ. ಬಂದವನು ಮಾಡಿದ ಮೊದಲ ಕೆಲಸವೆಂದರೆ ಒಂದು ಉದ್ದನೆಯ ಪುಸ್ತಕಕ್ಕೆ ಗೆರೆ ಹೊಡೆದು, ಅಡುಗೆಮನೆಯ ಮೊಳೆಗೆ ನೂಲಿನಿಂದ ತೂಗುಹಾಕಿದ್ದು. ಅದರ ಮೊದಲ ಪುಟಗಳನ್ನು ನಾನು ಓದಿದ್ದೇನೆ. "ರಾತ್ರಿ 2.10: ಚಿಕ್ಕವನು ಎದ್ದ. ನೀರು ಕೊಡಲಾಯಿತು. 2.25: ಮಲಗಿದ. 2.40: ಮತ್ತೆ ಎದ್ದ. ಕಾರಣ ತಿಳಿದುಬಂದಿಲ್ಲ. 3.15: ಕಾರಣ ತಿಳಿಯಿತು, ಹಾಸಿಗೆ ಬದಲಿಸಲಾಯಿತು." ಇನ್ನೊಂದು ಕಡೆ, "ಬೆಳಿಗ್ಗೆ 8.50: ಹಿರಿಯವಳ ಎಡಗಾಲಿನ ಕಾಲುಚೀಲ ಕಾಣೆ. ಶೋಧ ನಡೆದಿದೆ. 9.05: ಅಕ್ಕಿಡಬ್ಬಿಯಲ್ಲಿ ಪತ್ತೆ." ತಾಯಿ ಇದನ್ನು ಓದಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆದರೆ ಮೂರನೆಯ ದಿನ ಆಕೆ ಕಚೇರಿಯಿಂದ ಬಂದವಳೇ ಯಾರನ್ನೂ ಏನನ್ನೂ ಕೇಳದೆ ಪುಸ್ತಕವನ್ನು ತೆಗೆದು ನೋಡಿ, ಜ್ವರದ ಔಷಧ ಎಷ್ಟು ಹೊತ್ತಿಗೆ ಕೊಟ್ಟಿದೆ, ಶಾಲೆಯಿಂದ ಏನು ಸೂಚನೆ ಬಂದಿದೆ ಎಂಬುದನ್ನು ತಿಳಿದುಕೊಂಡಳು. ಎರಡೂವರೆ ವರ್ಷಗಳಲ್ಲಿ ಆ ಮನೆಯ ವಿಷಯಗಳು ಆಕೆಯ ತಲೆಯನ್ನು ಬಿಟ್ಟು ಬೇರೆಲ್ಲಾದರೂ ಇದ್ದದ್ದು ಅದೇ ಮೊದಲು.

ಪಾಳಿ

ತಂದೆ ಮರಳಿ ಹೋಗುವ ಮುನ್ನ ವಠಾರದ ನಾಲ್ಕು ಮನೆಯವರು ಕುಳಿತು ಮಳೆರಜೆಗೆ ಒಂದು ಪಾಳಿ ಗೊತ್ತುಮಾಡಿದೆವು. ಆದೇಶ ಬಂದ ದಿನ ಬೆಳಗಿನ ಹೊತ್ತು ನನ್ನದು. ಮಧ್ಯಾಹ್ನದ್ದು ಎದುರು ಮನೆಯ ಹೊಲಿಗೆಯಾಕೆಯದು, ಅವಳ ಮಗಳೂ ಪುಟ್ಟಿಯ ತರಗತಿಯವಳೇ. ನಾಲ್ಕರ ನಂತರ ಹಿಂದಿನ ಮನೆಯ ಕಾಲೇಜು ಹುಡುಗನದು. ಅಂಥ ದಿನ ಅವನಿಗೂ ರಜೆಯೇ ಆದ್ದರಿಂದ ಅವನು ಒಪ್ಪಿದ, ಮಾಣಿಗೆ ಚೆಂಡು ಹೊಡೆಯಲು ಕಲಿಸುವುದಾಗಿ ಷರತ್ತನ್ನೂ ಹಾಕಿದ. ತಾಯಿ ಭಾನುವಾರಗಳಂದು ಎಲ್ಲರ ಮಕ್ಕಳನ್ನೂ ಒಟ್ಟಿಗೆ ನೋಡಿಕೊಳ್ಳುತ್ತಾಳೆ. ಪುಸ್ತಕ ಮಕ್ಕಳ ಜೊತೆಯಲ್ಲಿಯೇ ಮನೆಯಿಂದ ಮನೆಗೆ ಹೋಗುತ್ತದೆ.

ಎಲ್ಲವೂ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾದೀತು. ಹಳ್ಳ ಈಗಲೂ ಉಕ್ಕುತ್ತದೆ. ರಾತ್ರಿ ಎಂಟರ ಸಭೆಯನ್ನು ಆರೂವರೆಗೆ ತರಬೇಕೆಂದು ತಾಯಿ ಬರೆದು ಕೇಳಿಕೊಂಡಳು, ಉತ್ತರ ಬಂದಿಲ್ಲ. ಪಾಳಿಯ ಮೊದಲ ದಿನವೇ ಹೊಲಿಗೆಯಾಕೆಯ ಗುಂಡಿಡಬ್ಬಿಯನ್ನು ಮಾಣಿ ಬಾವಿಕಟ್ಟೆಯ ಮೇಲೆ ಬಿತ್ತನೆ ಮಾಡಿದ್ದರಿಂದ ಅವಳ ಒಂದು ದಿನದ ದುಡಿಮೆ ಹೋಯಿತು. ಆ ನಷ್ಟವನ್ನು ಯಾರು ಭರಿಸಬೇಕು ಎಂಬ ಮಾತು ನಮ್ಮಲ್ಲಿ ಒಂದು ವಾರ ಕಸಿವಿಸಿಯನ್ನೇ ಉಂಟುಮಾಡಿತು. ಮನೆಯಲ್ಲಿದ್ದು ದುಡಿಯುವವಳ ಹೊತ್ತಿಗೂ ಬೆಲೆಯಿದೆ ಎಂಬುದನ್ನು ಅಜ್ಜಿಯ ವಿಷಯದಲ್ಲಿ ಕಲಿತಿದ್ದೆವು, ಅವಳ ವಿಷಯದಲ್ಲಿ ಮರೆತೆವು. ಈಗ ಅವಳ ಪಾಳಿಯ ಹೊತ್ತಿಗೆ ಎಲ್ಲರೂ ಸೇರಿ ಹಣ ಕೊಡುತ್ತೇವೆ. ತಂದೆ ತಿಂಗಳಿಗೊಮ್ಮೆ ಎರಡು ದಿನ ರಜೆ ಸೇರಿಸಿಕೊಂಡು ಬರುತ್ತಾನೆ, ಬಂದಾಗ ರಾತ್ರಿಯ ಪಾಳಿ ಅವನದೇ.

ಆಶ್ಲೇಷ ಮಳೆಯಲ್ಲಿ ಮತ್ತೊಮ್ಮೆ ರಜೆ ಬಿತ್ತು. ಪುಟ್ಟಿ "ಶಿ, ರ, ಸಿ" ಹುಡುಕಿ ಎಂದಿನಂತೆ ಕುಣಿದಳು. ತಾಯಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಮಕ್ಕಳನ್ನು ಮೇಲೆ ಕಳಿಸಿ, ಕೊಡೆ ಹಿಡಿದು ಬ್ಯಾಂಕಿಗೆ ಹೋದಳು. ಹನ್ನೊಂದರ ಸುಮಾರಿಗೆ ಸಾಲದ ಪತ್ರವೊಂದನ್ನು ಮರೆತದ್ದು ನೆನಪಾಗಿ ಮರಳಿ ಬಂದವಳು, ಮಕ್ಕಳನ್ನು ಒಮ್ಮೆ ನೋಡಿ ಹೋಗೋಣವೆಂದು ನಮ್ಮ ಬಾಗಿಲಿಗೆ ಬಂದಳು. ಮಾಣಿ ನನ್ನ ತೊಡೆಯ ಮೇಲೆ ಕುಳಿತು ಹಲಸಿನ ಹಪ್ಪಳ ಮುರಿಯುತ್ತಿದ್ದ, ತಲೆಯೆತ್ತಲೂ ಇಲ್ಲ. ಪುಟ್ಟಿ ನೆಲದ ಮೇಲೆ ಪುಸ್ತಕ ಹರಡಿಕೊಂಡು, ಪೆನ್ಸಿಲಿನಿಂದ ಏನನ್ನೋ ದಾಖಲಿಸುತ್ತಿದ್ದವಳು ಒದ್ದೆ ಸೀರೆಯಲ್ಲಿ ನಿಂತ ತಾಯಿಯನ್ನು ಕಂಡು, ಬರೆಯುವ ಕೈಯನ್ನು ನಿಲ್ಲಿಸದೆಯೇ ಹೇಳಿದಳು:

"ಅಮ್ಮಾ, ಈಗ ನಿನ್ನ ಪಾಳಿ ಅಲ್ಲ."